ಮೆಣಸಿನಕಾಯಿ ಕೋಣೆಯಲ್ಲಿ ಕೊಟ್ಟ ಸಾಕ್ಷಿ

ನಮ್ಮ ಮನೆಯಲ್ಲಿ ಹಗಲು ಹೊತ್ತು ಯಾರೂ ಒಳಗಿನಿಂದ ಬಾಗಿಲು ಹಾಕಿಕೊಳ್ಳುವುದಿಲ್ಲ. ಸಂಶಿಯ ನಮ್ಮ ಓಣಿಯಲ್ಲಿ ಹಗಲಿಗೆ ಬಾಗಿಲು ಹಾಕಿತ್ತೆಂದರೆ ಮನೆಯವರು ಬೇರೆ ಊರಿಗೆ ಹೋಗಿರಬೇಕು, ಇಲ್ಲಾ ಒಳಗೆ ಜಗಳ ನಡೆದಿರಬೇಕು. ಹಾಗಾಗಿ ಮೂರು ವರ್ಷದ ಹಿಂದೆ ಒಂದು ಬುಧವಾರ ಮಧ್ಯಾಹ್ನ ನಾನು ಒಣಮೆಣಸಿನಕಾಯಿ ಚೀಲ ಇಡುವ ಕೋಣೆಗೆ ಹೋಗಿ ಅಗಳಿ ಹಾಕಿಕೊಂಡಾಗ ನನ್ನ ಹೆಂಡತಿ ಹೊರಗಿನಿಂದ ಬಡಿದಳು.

“ಏನಾತ್ರಿ? ಎದ್ಯಾಗ ನೋವಾಗಾಕತ್ತೈತೇನು?”

“ಏನಿಲ್ಲ. ಫೋನಿನ್ಯಾಗ ಮಾತಾಡೂದೈತಿ.”

“ಹೊರಗ ಕುಂತು ಮಾತಾಡ್ರಲ್ಲಾ. ಯಾರು ಬ್ಯಾಡಂದಾರ?”

ನಾನು ಅಗಳಿ ತೆಗೆಯಲಿಲ್ಲ. ಯಾರೊಂದಿಗೆ ಮಾತಾಡುತ್ತಿದ್ದೇನೆ ಎಂಬುದನ್ನು ಸದ್ಯಕ್ಕೆ ಹೊರಗೆ ಹೇಳಬಾರದು ಎಂದು ಮೊದಲೇ ತಿಳಿಸಿದ್ದರು.

ನಾನು ಇಪ್ಪತ್ನಾಲ್ಕು ವರ್ಷ ಸೈನ್ಯದ ವೈದ್ಯಕೀಯ ವಿಭಾಗದಲ್ಲಿದ್ದವನು. ಡಾಕ್ಟರಲ್ಲ. ಗಾಯ ತೊಳೆಯುವ, ಸಲಾಯಿನ್ ಹಚ್ಚುವ, ಹೊಲಿಗೆ ಹಾಕುವಾಗ ಬಾಜು ನಿಲ್ಲುವ ಸಹಾಯಕ. ನಿವೃತ್ತಿಗೆ ಮೂರು ವರ್ಷ ಬಾಕಿ ಇದ್ದಾಗ ನಮ್ಮನ್ನು ಆಫ್ರಿಕಾದ ಒಂದು ದೇಶಕ್ಕೆ ಶಾಂತಿಪಾಲನೆಯ ಕೆಲಸಕ್ಕೆ ಕಳಿಸಿದರು. ಇದನ್ನು ಬರೆದು ಬೀಗದೊಳಗೇ ಇಡುತ್ತೇನೆ, ಆದರೂ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅಲ್ಲಿ ಇನ್ನೂ ಜೀವ ಹಿಡಿದುಕೊಂಡಿರುವ ಕೆಲವರ ಗುರುತು ಹತ್ತುತ್ತದೆ. ಅಲ್ಲಿಂದ ಬಂದು, ಪೆನ್ಶನ್ ತೆಗೆದುಕೊಂಡು, ಸಂಶಿಯಲ್ಲಿ ಅಣ್ಣನ ಜೊತೆ ಹೊಲ ನೋಡಿಕೊಂಡು ಇದ್ದೆ. ಆರೇಳು ವರ್ಷ ಯಾರೂ ಏನೂ ಕೇಳಲಿಲ್ಲ.

ಆಮೇಲೆ ಸೈನ್ಯದ ನನ್ನ ಹಳೆಯ ಕಚೇರಿಯ ಮೂಲಕ ಒಂದು ಪತ್ರ ಬಂತು. ಯುದ್ಧಕಾಲದ ಅಪರಾಧಗಳನ್ನು ವಿಚಾರಿಸುವ ಅಂತರರಾಷ್ಟ್ರೀಯ ನ್ಯಾಯಾಲಯವೊಂದರ ಪ್ರಾಸಿಕ್ಯೂಟರ್ ಕಚೇರಿಯವರು ನನ್ನ ಜೊತೆ ಮಾತಾಡಬೇಕಂತೆ. ಮೇಲಿನವರ ಒಪ್ಪಿಗೆ ಇದೆ, ಮಾತಾಡುವುದು ಬಿಡುವುದು ನನ್ನ ಇಷ್ಟ ಎಂದಿತ್ತು. ಪತ್ರ ಓದಿ ಮಂಚದ ಕೆಳಗಿನ ಕಬ್ಬಿಣದ ಟ್ರಂಕು ಎಳೆದೆ. ಅದರ ತಳದಲ್ಲಿ, ಸಮವಸ್ತ್ರದ ಕೆಳಗೆ, ಶಾಲೆಯ ನೋಟುಪುಸ್ತಕದಿಂದ ಹರಿದ ಎರಡು ಹಾಳೆ ಹಾಗೇ ಇದ್ದವು. ಎರಡರ ತುಂಬಾ ಹೆಸರು. ಎಲ್ಲ ಸತ್ತವರ ಹೆಸರು.

ಅದನ್ನು ಬರೆದವನು ಅಲ್ಲಿಯ ಒಂದು ಹಳ್ಳಿಯ ಶಾಲೆಯ ಮಾಸ್ತರ. ನಮ್ಮ ತಾತ್ಕಾಲಿಕ ಆಸ್ಪತ್ರೆಗೆ ವಾರಕ್ಕೆ ಎರಡು ಸಲ ಬಂದು, ರೋಗಿಗಳು ಹೇಳುವುದನ್ನು ಇಂಗ್ಲಿಷಿಗೆ ಮಾಡಿ ಹೇಳುತ್ತಿದ್ದ. ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೇ, ಅವನದೂ ಅಷ್ಟಕ್ಕಷ್ಟೇ. ಹಾಗಾಗಿ ಇಬ್ಬರಿಗೂ ಚೆನ್ನಾಗಿ ತಿಳಿಯುತ್ತಿತ್ತು. ಒಂದು ಮುಂಜಾನೆ ಅವನ ಹಳ್ಳಿಯವರೆಲ್ಲ ಗಾಯಗೊಂಡವರನ್ನು ಬಾಗಿಲ ಹಲಗೆಗಳ ಮೇಲೆ ಹೊತ್ತು ತಂದರು. ಬಂದೂಕು ಹಿಡಿದವರು ನಸುಕಿನಲ್ಲಿ ನುಗ್ಗಿ, ಓಡುತ್ತಿದ್ದವರಿಗೆ ಹೊಡೆದು, ಮನೆಗಳಿಗೆ ಬೆಂಕಿ ಹಚ್ಚಿ ಹೋಗಿದ್ದರು. ಬಂದ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಬಹುತೇಕರಿಗೆ ಗುಂಡು ಬೆನ್ನಿನಿಂದ ಹೊಕ್ಕಿತ್ತು. ಅದನ್ನು ನಾನು ನನ್ನ ಕೈಯಿಂದಲೇ ತೊಳೆದು ನೋಡಿದ್ದೇನೆ.

ನಾನು ಊರಿಗೆ ಹೊರಡುವ ದಿನ ಮಾಸ್ತರ ಆ ಎರಡು ಹಾಳೆ ಕೊಟ್ಟು, “ನನ್ನ ಹತ್ತಿರ ಸಿಕ್ಕರೆ ನನ್ನನ್ನು ಬಿಡುವುದಿಲ್ಲ. ನೀನು ಇಟ್ಟುಕೋ. ಯಾರಾದರೂ ಕೇಳಿದರೆ ಕೊಡು” ಎಂದ.

ಯಾರೂ ಕೇಳಲಿಲ್ಲ. ನಾನೂ ಯಾರಿಗೆ ಕೊಡಬೇಕೆಂದು ಹುಡುಕಲಿಲ್ಲ. ಟ್ರಂಕಿಗೆ ಬೀಗ ಹಾಕಿ ಮರೆತವನ ಹಾಗೆ ಇದ್ದೆ.

ಈಗ ಕೇಳುವವರು ಸಿಕ್ಕಿದ್ದರು. ಮೊದಲ ಕರೆಯಲ್ಲಿ ಫೋನಿನ ಪರದೆಯ ಮೇಲೆ ಇಬ್ಬರು ಕಂಡರು. ಒಬ್ಬಳು ತನಿಖಾಧಿಕಾರಿ, ನಲವತ್ತರ ಆಸುಪಾಸಿನ ಹೆಂಗಸು. ಇನ್ನೊಬ್ಬರು ಅವಳ ಮಾತನ್ನು ಹಿಂದಿಗೆ ಮಾಡಿ ಹೇಳುವವರು. ನಾನು ಅದನ್ನೆಲ್ಲ ನನ್ನ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಮೊದಲಿಗೆ ಅವಳು ಫೋನನ್ನು ಸುತ್ತ ತಿರುಗಿಸಿ ಕೋಣೆ ತೋರಿಸಲು ಹೇಳಿದಳು. ಒಬ್ಬನೇ ಇದ್ದೇನೋ ಇಲ್ಲವೋ ನೋಡಬೇಕಿತ್ತು. ಕೆಂಪು ಚೀಲಗಳ ಸಾಲು ಕಂಡು ಅದೇನು ಎಂದು ಕೇಳಿದಳು. ಹೇಳುವಷ್ಟರಲ್ಲಿ ಘಾಟು ಏರಿ ನಾನು ಸೀನತೊಡಗಿದೆ. ಏಳೆಂಟು ಸಲ ಸೀನಿ, ಕಣ್ಣು ಮೂಗು ಒರೆಸಿಕೊಂಡು ನೋಡಿದರೆ ಅವಳು ಗಾಬರಿಯಾಗಿ, “ನೀವು ಅಳುತ್ತಿದ್ದರೆ ನಿಲ್ಲಿಸೋಣ” ಎನ್ನುತ್ತಿದ್ದಳು. ಮೆಣಸಿನಕಾಯಿ ಎಂದರೆ ಏನೆಂದು ತಿಳಿಸುವುದಕ್ಕೇ ಐದು ನಿಮಿಷ ಹೋಯಿತು.

ಆಮೇಲೆ ನಿಯಮ ಹೇಳಿದಳು. ನಾನು ಸಾಕ್ಷಿ ಎಂಬುದನ್ನಾಗಲಿ, ಯಾವ ವಿಷಯ ಎಂಬುದನ್ನಾಗಲಿ ಯಾರಿಗೂ ಹೇಳಬಾರದು.

“ಹೆಂಡತಿಗೆ?” ಎಂದೆ.

“ಅವರಿಗೂ ಬೇಡ. ನೀವು ದೂರದಲ್ಲಿದ್ದೀರಿ. ಅಲ್ಲಿರುವವರ ಮನೆ ಬಾಗಿಲಿಗೆ ಬಂದೂಕು ಹಿಡಿದವರು ನಾಳೆಯೇ ಬರಬಹುದು.”

“ಮಾಸ್ತರ ಬದುಕಿದ್ದಾನೇನು? ಅಷ್ಟು ಹೇಳಿರಿ.”

“ಅದನ್ನೂ ಹೇಳಲಾರೆ” ಎಂದಳು. ಆ ಪ್ರಶ್ನೆಯನ್ನು ನಾನು ಪ್ರತಿ ಸಲವೂ ಕೇಳಿದೆ. ಪ್ರತಿ ಸಲವೂ ಅದೇ ಉತ್ತರ ಬಂತು.

ನಾಲ್ಕು ಬುಧವಾರ ಮಾತಾಡಿದೆವು. ಅವರು ಕೇಳುವುದೆಲ್ಲ ಸತ್ತವರ ಬಗ್ಗೆ ಇರಬೇಕೆಂದು ನಾನು ತಿಳಿದಿದ್ದೆ. ಒಂದು ದಿನ ಅದನ್ನು ಕೇಳಿದರು. ಉಳಿದ ಮೂರೂ ದಿನ ಹೊಡೆದವರ ಬಗ್ಗೆ ಕೇಳಿದರು. ಯಾವ ಬಣ್ಣದ ಬಟ್ಟೆ ತೊಟ್ಟಿದ್ದರೆಂದು ಗಾಯಾಳುಗಳು ಹೇಳಿದರು? ವೈರ್‌ಲೆಸ್ ಸೆಟ್ ಇತ್ತೆಂದು ಯಾರಾದರೂ ಹೇಳಿದರೇ? ಯಾವ ದಿಕ್ಕಿನಿಂದ ಬಂದರು? ಯಾರ ಅಪ್ಪಣೆ ಎಂದು ಕೂಗಿದರೇ? ನನಗೆ ಗೊತ್ತಿದ್ದುದು ಬೆನ್ನಿನ ಗಾಯಗಳು ಮಾತ್ರ. “ಗೊತ್ತಿಲ್ಲ” ಎಂದು ಹೇಳಿ ಹೇಳಿ ನಾಚಿಕೆಯಾಯಿತು. ಕಡೆಗೆ ನನ್ನ ಹೇಳಿಕೆಯನ್ನು ಹಿಂದಿಯಲ್ಲಿ ಪೂರ್ತಿ ಓದಿ ಹೇಳಿದರು. ಒಪ್ಪಿದೆ. ಎರಡು ಹಾಳೆಗಳನ್ನು ಅವರ ಕಡೆಯಿಂದ ಹುಬ್ಬಳ್ಳಿಗೆ ಬಂದ ಒಬ್ಬರ ಕೈಗೆ ಕೊಟ್ಟು, ಕೊಟ್ಟದ್ದಕ್ಕೆ ಚೀಟಿ ತೆಗೆದುಕೊಂಡೆ.

ಬಾಗಿಲು ಹಾಕಿದ ನಾಲ್ಕು ಬುಧವಾರ ಓಣಿಗೆ ಸಾಕಾಗಿತ್ತು. ಮೊದಲು ಅಣ್ಣ ಕೇಳಿದ. ಆಮೇಲೆ ಚಹಾದಂಗಡಿಯಲ್ಲಿ ನಾನು ಕೂತರೆ ಮಾತು ನಿಲ್ಲತೊಡಗಿತು. ಮಿಲಿಟರಿ ಕಚೇರಿಯ ಪತ್ರ ಬಂದದ್ದು, ಯಾರೋ ಹುಬ್ಬಳ್ಳಿಯಲ್ಲಿ ನನ್ನಿಂದ ಕಾಗದ ಇಸಿದುಕೊಂಡದ್ದನ್ನು ನಮ್ಮೂರವರೊಬ್ಬರು ಕಂಡದ್ದು, ಇವೆರಡನ್ನೂ ಕೂಡಿಸಿ ಮಂದಿ ಒಂದು ಕತೆ ಮಾಡಿದ್ದರು. ನಾನು ಮಿಲಿಟರಿಯಲ್ಲಿದ್ದಾಗ ಪರದೇಶದಲ್ಲಿ ಏನೋ ಮಾಡಬಾರದ್ದು ಮಾಡಿದ್ದೇನೆ, ಈಗ ಅದರ ಎನ್‌ಕ್ವಾಯರಿ ನಡೆದಿದೆ. ನನ್ನ ಹಳೆಯ ಗೆಳೆಯನೊಬ್ಬ, ಗೊಬ್ಬರದ ಅಂಗಡಿಯವನು, ಬಾಜು ಬಂದು ಕೂತು ಮೆಲ್ಲಗೆ ಕೇಳಿದ:

“ಲೇ, ಖರೇ ಹೇಳು. ಹೆಣ್ಮಕ್ಕಳ ವಿಷಯ ಏನರ ಐತೇನು?”

ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಆದರೆ ಅಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾನೆ. ಎದ್ದು ಬಂದೆ. ಎದ್ದು ಬಂದದ್ದೇ ಅವರಿಗೆ ಉತ್ತರವಾಯಿತು.

ಆ ಹೊತ್ತಿಗೆ ಮಗಳಿಗೆ ದುಮ್ಮವಾಡದ ಒಂದು ಸಂಬಂಧದ ಮಾತು ನಡೆದಿತ್ತು. ಮಗಳು ನಮ್ಮೂರ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾಳೆ. ಹುಡುಗ ಕಲಘಟಗಿಯಲ್ಲಿ ಕಚೇರಿ ನೌಕರ. ನೋಡಿ, ಒಪ್ಪಿ, ದಿನ ಗೊತ್ತುಮಾಡುವುದಷ್ಟೇ ಉಳಿದಿತ್ತು. ಆ ಮಾತಿಗೆಂದೇ ಹುಡುಗನ ಸೋದರಮಾವ ಒಬ್ಬರೇ ಬಂದರು. ಪಡಸಾಲೆಯಲ್ಲಿ ಕೂತು ಚಹಾ ಮುಗಿಯುವತನಕ ಮಳೆ ಬೆಳೆ ಮಾತಾಡಿದರು.

“ಸಿಟ್ಟಾಗಬ್ಯಾಡ್ರಿ,” ಎಂದರು ಆಮೇಲೆ. “ನಮ್ಮ ಕಿವಿಗೆ ಒಂದು ಮಾತು ಬಿದ್ದೈತಿ. ನಿಮ್ಮ ಮ್ಯಾಲ ಯಾವುದೋ ಕೇಸ್ ಐತಂತಲ್ರಿ?”

“ನನ್ನ ಮ್ಯಾಲ ಯಾವ ಕೇಸೂ ಇಲ್ರಿ.”

“ಮತ್ತ ಆ ಫೋನು, ಕಾಗದ?”

ಒಳಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳ ಹಿಂದೆ ಮಗಳು. ಮೂವರೂ ನನ್ನ ಬಾಯಿ ನೋಡುತ್ತಿದ್ದರು.

“ಅದನ್ನ ಹೇಳಾಕ ಬರೂದಿಲ್ರಿ.”

“ಹೌದ್ರಿ,” ಎಂದರು ಅವರು. ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟು ಎದ್ದರು. “ಆಷಾಢ ಮುಗೀಲಿ. ನೋಡೂಣು.”

ಮರುದಿನ ನಾನು ಕುಂದಗೋಳಕ್ಕೆ ಹೋಗಿ, ಬಸ್ ಸ್ಟ್ಯಾಂಡಿನ ಹಿಂದೆ ಮಂದಿ ಇಲ್ಲದ ಕಡೆ ನಿಂತು, ತನಿಖಾಧಿಕಾರಿ ಕೊಟ್ಟಿದ್ದ ನಂಬರಿಗೆ ಕರೆ ಮಾಡಿದೆ. ನನಗೆ ಒಂದೇ ಸಾಲಿನ ಪತ್ರ ಬೇಕಿತ್ತು. ‘ಈ ಮನುಷ್ಯ ಆರೋಪಿ ಅಲ್ಲ’ ಎಂದಷ್ಟೇ ಬರೆದುಕೊಡಿ ಎಂದು ಬೇಡಿಕೊಂಡೆ. ತನಿಖಾಧಿಕಾರಿ ಒಪ್ಪಲಿಲ್ಲ.

“ನಮ್ಮ ಮೊಹರು ಇರುವ ಕಾಗದ ನಿಮ್ಮ ಊರಲ್ಲಿ ಕೈಯಿಂದ ಕೈಗೆ ಹೋದರೆ, ಎಲ್ಲಿಗೆ ಮುಟ್ಟುತ್ತದೆಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕ್ಷಮಿಸಿ.”

“ನನ್ನ ಮಗಳ ಬಾಳಿನ ಪ್ರಶ್ನೆ ಇದು.”

“ಅರ್ಥವಾಗುತ್ತದೆ,” ಎಂದಳು. ನನಗೆ ಸಿಟ್ಟು ಬಂದದ್ದು ಆ ಮಾತಿಗೇ. ಅರ್ಥವಾಗುತ್ತದೆ ಎಂದ ಮೇಲೂ ಅವಳು ಅಲ್ಲೇ ಇದ್ದಳು, ನಾನು ಇಲ್ಲೇ ಇದ್ದೆ.

ಒಂದು ದಿನ ಹೊಲದಲ್ಲಿ ಕುರ್ಚಿಗಿಯಿಂದ ಕಳೆ ತೆಗೆಯುವಾಗ ಹೆಂಡತಿ ಅದನ್ನು ಕೆಳಗಿಟ್ಟು ನೆಟ್ಟಗೆ ನಿಂತಳು.

“ಒಂದ ಮಾತು ಕೇಳ್ತೀನಿ. ಅದೊಂದಕ್ಕ ಹೇಳ್ರಿ. ನೀವು ಅಲ್ಲಿ ಯಾರಿಗರ ಅನ್ಯಾಯ ಮಾಡಿ ಬಂದೀರೇನು?”

“ಇಲ್ಲ.”

“ಸಾಕು,” ಎಂದು ಮತ್ತೆ ಬಗ್ಗಿದಳು. ಅದೇ ವಾರ ಯಾರಿಗೂ ಹೇಳದೆ ಹುಬ್ಬಳ್ಳಿ ಮಾರ್ಗವಾಗಿ ಎರಡು ಬಸ್ ಬದಲಿಸಿ ದುಮ್ಮವಾಡಕ್ಕೆ ಹೋಗಿ, ನನ್ನ ಗಂಡ ತಪ್ಪು ಮಾಡಿದವನಲ್ಲ ಎಂದು ಹುಡುಗನ ತಾಯಿಯ ಮುಂದೆ ಹೇಳಿಬಂದಳು. ಅವರು ಊಟ ಮಾಡಿಸಿ ಕಳಿಸಿದರು. ಆಷಾಢ ಮುಗಿಯಿತು, ಶ್ರಾವಣವೂ ಮುಗಿಯಿತು. ಹುಡುಗನಿಗೆ ಬೇರೆ ಕಡೆ ಗೊತ್ತಾದ ಸುದ್ದಿ ಬಂತು.

ಮಗಳು ಅಳಲಿಲ್ಲ. ಪರೀಕ್ಷೆಯ ಪೇಪರು ತಿದ್ದುತ್ತಾ ಕೂತವಳು ತಲೆ ಎತ್ತದೆ ಹೇಳಿದಳು:

“ಅಪ್ಪಾ, ನೀ ಏನು ಮುಚ್ಚಿಟ್ಟೀ ಅಂತ ನಾ ಕೇಳೂದಿಲ್ಲ. ಯಾರ ಸಲುವಾಗಿ ಮುಚ್ಚಿಟ್ಟೀ ಅಷ್ಟರ ಹೇಳು.”

ಒಬ್ಬ ಮಾಸ್ತರನ ಸಲುವಾಗಿ ಎನ್ನಬಹುದಿತ್ತು. ಬದುಕಿದ್ದಾನೋ ಸತ್ತಿದ್ದಾನೋ ಗೊತ್ತಿಲ್ಲದವನ ಸಲುವಾಗಿ ಎನ್ನಬಹುದಿತ್ತು. ಎದ್ದು ಹೊಲಕ್ಕೆ ಹೋದೆ. ಆಮೇಲೆ ಸುಮಾರು ಏಳೆಂಟು ತಿಂಗಳು ಅವಳು ನನ್ನೊಡನೆ ಊಟಕ್ಕೆ ಕರೆಯುವಷ್ಟೇ ಮಾತಾಡಿದಳು.

ಈ ಎಲ್ಲ ದಿನ ನನ್ನನ್ನು ಹಿಡಿದಿಟ್ಟದ್ದು ಒಂದೇ ನೆಚ್ಚಿಕೆ. ಒಂದು ದಿನ ಆ ಹಳ್ಳಿಯ ಮೊಕದ್ದಮೆ ನಡೆಯುತ್ತದೆ, ನ್ಯಾಯಾಧೀಶರ ಮುಂದೆ ನನ್ನನ್ನು ಕರೆಯುತ್ತಾರೆ, ಎರಡು ಹಾಳೆಯ ಹೆಸರು ಅಲ್ಲಿ ಗಟ್ಟಿಯಾಗಿ ಓದುತ್ತಾರೆ. ಆಗ ಊರಿಗೂ ತಿಳಿಯುತ್ತದೆ.

ಹೋದ ಜನವರಿಯಲ್ಲಿ, ಮೆಣಸಿನಕಾಯಿ ಕಣದಲ್ಲಿ ಹರವಿದ್ದ ದಿನ, ಕರೆ ಬಂತು. ಕೋಣೆ ಖಾಲಿ ಇತ್ತು. ಬಾಗಿಲು ಹಾಕಿಕೊಂಡೆ. ಈಗ ಯಾರೂ ಬಡಿಯುತ್ತಿರಲಿಲ್ಲ.

ಅದೇ ಹೆಂಗಸು. ಕೂದಲು ಸ್ವಲ್ಪ ಬೆಳ್ಳಗಾಗಿತ್ತು. ಒಬ್ಬ ದೊಡ್ಡ ಸೇನಾನಾಯಕ ಸೆರೆ ಸಿಕ್ಕಿದ್ದಾನೆ, ಆರೋಪಪಟ್ಟಿ ಸಿದ್ಧವಾಗಿದೆ ಎಂದಳು.

“ನಿಮ್ಮ ಹಳ್ಳಿ ಅದರಲ್ಲಿಲ್ಲ,” ಎಂದಳು. ಅವಳು ಅದನ್ನು ನನ್ನ ಹಳ್ಳಿ ಎಂದೇ ಕರೆಯುತ್ತಿದ್ದಳು.

“ಯಾಕೆ? ಸತ್ತವರು ಕಡಿಮೆಯಾದರೇನು?”

“ಅಲ್ಲ. ಎಷ್ಟು ಮಂದಿ, ಎಂಥ ಕ್ರೌರ್ಯ, ಉಳಿದವರಿಗೆ ಏನಾಯಿತು, ಅದೆಲ್ಲ ಮೊದಲು ನೋಡುತ್ತೇವೆ. ಅದರಲ್ಲಿ ನಿಮ್ಮ ಹಳ್ಳಿ ಹಿಂದೆ ಬೀಳಲಿಲ್ಲ.”

“ಮತ್ತೆ?”

ಅವಳು ನಿಧಾನವಾಗಿ ಹೇಳಿದಳು. ಅವರ ಮುಂದೆ ಇಂಥ ಘಟನೆ ನೂರಾರು ಇದ್ದವು. ಎಲ್ಲವನ್ನೂ ಒಂದೇ ಮೊಕದ್ದಮೆಗೆ ಹಾಕಿದರೆ ಅದು ಮುಗಿಯುವ ಹೊತ್ತಿಗೆ ಆರೋಪಿಯೂ ಉಳಿಯುವುದಿಲ್ಲ, ಸಾಕ್ಷಿಗಳೂ ಉಳಿಯುವುದಿಲ್ಲ. ಹಾಗಾಗಿ ಉಳಿದವುಗಳ ಪರವಾಗಿ ನಿಲ್ಲುವಂಥ ನಾಲ್ಕು ಊರು ಆರಿಸಿದರು. ಕಟಕಟೆಯಲ್ಲಿ ನಿಲ್ಲುವವನು ಬಂದೂಕು ಹಿಡಿದವನಲ್ಲ, ಹಿಡಿಸಿದವನು. ಪ್ರತಿಯೊಂದು ಊರಿನ ಹೆಣದಿಂದ ಅವನ ಮನೆ ಬಾಗಿಲತನಕ ದಾರಿ ತೋರಿಸಬೇಕು. ಒಂದು ಊರಲ್ಲಿ ಅವನ ಅಪ್ಪಣೆ ವೈರ್‌ಲೆಸ್ಸಿನಲ್ಲಿ ಬಂದದ್ದನ್ನು ಕೇಳಿದವರು ಸಿಕ್ಕಿದರು. ಇನ್ನೊಂದರಲ್ಲಿ ಅವನ ಕೈಕೆಳಗಿನವನೇ ಬಾಯಿ ಬಿಟ್ಟ.

“ನಿಮ್ಮ ಹಳ್ಳಿಗೆ ಬಂದರು, ಹೊಡೆದರು, ಹೋದರು. ಯಾರು ಕಳಿಸಿದ್ದರೆಂದು ಹೇಳುವವರು ಸಿಗಲಿಲ್ಲ. ಇನ್ನೊಂದು, ಅಲ್ಲಿಯ ಸಾಕ್ಷಿಗಳನ್ನು ಕರೆತಂದರೆ ಹಿಂದೆ ಉಳಿದ ಅವರ ಮನೆಯವರನ್ನು ಕಾಯುವುದು ನಮ್ಮಿಂದ ಆಗದು.”

“ಅಂದರೆ ಅದು ನಡೆದೇ ಇಲ್ಲ ಎಂದಾಯಿತು.”

“ನಡೆದಿದೆ ಎಂದು ನಾವು ನಂಬುತ್ತೇವೆ. ಈ ಮನುಷ್ಯನ ಮೇಲೆ ಅದನ್ನು ಸಾಬೀತು ಮಾಡಲಾರೆವು. ಸಾಬೀತಾಗದ್ದನ್ನು ಹಾಕಿ ಸೋತರೆ, ಗೆಲ್ಲಬಹುದಾದದ್ದೂ ಬಿದ್ದುಹೋಗಬಹುದು.”

“ಯಾರು ಆರಿಸಿದ್ದು? ನೀವೇ?”

“ಒಂದು ಮೇಜಿನ ಸುತ್ತ ಒಂಬತ್ತು ಮಂದಿ ಕೂತಿದ್ದೆವು. ನಿಮ್ಮ ಹಳ್ಳಿಯ ಪರವಾಗಿ ಮಾತಾಡಿದವಳು ನಾನು. ಎರಡು ದಿನ ಮಾತಾಡಿದೆ. ಉಳಿಸಿಕೊಳ್ಳಲಾಗಲಿಲ್ಲ. ಕಡೆಗೆ ಸಹಿ ಮುಖ್ಯ ಪ್ರಾಸಿಕ್ಯೂಟರರದು.”

ನನಗೆ ಅವಳನ್ನು ಬಯ್ಯಬೇಕೆನ್ನಿಸಿತ್ತು. ಬಯ್ಯಲಾಗಲಿಲ್ಲ. ಯಾಕೆಂದರೆ ನನ್ನ ಹೇಳಿಕೆಯಲ್ಲಿ ನಾನು ಹೇಳದೆ ಬಿಟ್ಟದ್ದೊಂದಿತ್ತು. ಆ ಮುಂಜಾನೆ ನಲವತ್ತು ಮಂದಿ ಗಾಯಾಳುಗಳಿಗೆ ನಾವು ಇದ್ದದ್ದು ನಾಲ್ವರು. ಯಾರನ್ನು ಮೊದಲು ಒಳಗೆ ತೆಗೆದುಕೊಳ್ಳಬೇಕೆಂದು ಅಂಗಳದಲ್ಲಿ ನೋಡುತ್ತಾ ಹೋಗುವ ಕೆಲಸ ನನ್ನದಾಗಿತ್ತು. ಕೂಡಲೇ ನೋಡಿದರೆ ಬದುಕುವವರ ಕೈಗೆ ಕೆಂಪು ಪಟ್ಟಿ, ಸ್ವಲ್ಪ ಹೊತ್ತು ಕಾಯಬಲ್ಲವರಿಗೆ ಹಳದಿ, ಉಳಿಯುವ ಆಸೆ ಇಲ್ಲದವರಿಗೆ ಕಪ್ಪು. ಒಬ್ಬ ಮುದುಕನ ಹತ್ತಿರ ನಾನು ಕೂತೆ, ನಾಡಿ ನೋಡಿದೆ, ಕಪ್ಪು ಪಟ್ಟಿ ಕಟ್ಟಿ ಎದ್ದೆ. ಅವನಿಗೆ ಇನ್ನೂ ಉಸಿರಿತ್ತು. ಅವನು ಮಾಸ್ತರನ ತಂದೆ.

“ಇವನನ್ನು ಯಾಕೆ ಬಿಟ್ಟೆ?” ಎಂದು ಮಾಸ್ತರ ನನ್ನ ತೋಳು ಹಿಡಿದಿದ್ದ.

“ಇವನಿಗೆ ಹಿಡಿಯುವ ಹೊತ್ತಿನಲ್ಲಿ ಮೂವರನ್ನು ಉಳಿಸಬಹುದು” ಎಂದಿದ್ದೆ. ಸರಿಯಾಗಿಯೇ ಹೇಳಿದ್ದೆ. ಈಗಲೂ ಅದು ಸರಿ ಎಂದೇ ನನ್ನ ಬುದ್ಧಿ ಹೇಳುತ್ತದೆ. ಆದರೆ ತೋಳು ಹಿಡಿದವನ ಮುಖದ ಮುಂದೆ ಆ ಉತ್ತರ ಯಾವ ಕೆಲಸಕ್ಕೂ ಬಂದಿರಲಿಲ್ಲ. ಅದನ್ನೆಲ್ಲ ನೋಡಿಯೂ ಅವನು ನನಗೇ ಆ ಹಾಳೆ ಕೊಟ್ಟಿದ್ದ. ಅವನಿಗೆ ಬೇರೆ ಯಾರೂ ಇರಲಿಲ್ಲವೋ, ನನ್ನನ್ನು ಕ್ಷಮಿಸಿದ್ದನೋ, ನನಗೆ ಇವತ್ತಿಗೂ ತಿಳಿದಿಲ್ಲ.

ತನಿಖಾಧಿಕಾರಿ ಕಾಯುತ್ತಿದ್ದಳು. ಹೆಂಡತಿಗೆ ಈಗಲಾದರೂ ಹೇಳಬಹುದೇ ಎಂದು ಕೇಳಿದೆ.

“ಇಲ್ಲ. ಮುಂದೆ ಇನ್ನೊಬ್ಬ ಆರೋಪಿ ಸಿಗಬಹುದು. ಆ ಹಳ್ಳಿಗೆ ಅವನೇ ಮಂದಿ ಕಳಿಸಿದ್ದ ಎಂದು ಗೊತ್ತಾಗಬಹುದು. ನೀವು ಒಪ್ಪಿದರೆ ನಿಮ್ಮ ಹೇಳಿಕೆಯನ್ನು ತೆಗೆದಿಡುತ್ತೇವೆ. ಒಪ್ಪದಿದ್ದರೆ ಇಲ್ಲಿಗೇ ಮುಗಿಸೋಣ, ಮತ್ತೆ ನಿಮ್ಮನ್ನು ಕರೆಯುವುದಿಲ್ಲ. ಅಲ್ಲಿಯವರ ಗುರುತನ್ನು ಮಾತ್ರ ಆಗಲೂ ಬಿಟ್ಟುಕೊಡಬಾರದು. ಒಂದು ಕಾಗದ ಕಳಿಸುತ್ತೇನೆ.”

ಕಾಗದ ಬಂತು. ಹನ್ನೆರಡು ದಿನ ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗಿದೆ. ಬೇಡ ಎಂದು ಬರೆದರೆ ಒಬ್ಬ ಸಾಮಾನ್ಯ ಪೆನ್ಶನ್‌ದಾರ. ಮಂದಿ ತಾವು ಕಟ್ಟಿದ ಕತೆಯನ್ನು ತಾವೇ ಮರೆಯುತ್ತಾರೆ. ಹೌದು ಎಂದು ಬರೆದರೆ ಫೋನು ಹೊಡೆದಾಗಲೆಲ್ಲ ಮತ್ತೆ ಇದೇ ಬಾಳು. ಎಷ್ಟು ವರ್ಷ ಎಂದು ಯಾರೂ ಹೇಳಲಾರರು. ಹನ್ನೆರಡನೆಯ ದಿನ, ಕಣದ ಬದಿಯ ಕಲ್ಲಿನ ಮೇಲೆ ಕೂತು ‘ಹೌದು’ ಎಂಬ ಕಡೆ ಗುರುತು ಹಾಕಿ ಸಹಿ ಮಾಡಿದೆ. ಧೈರ್ಯದಿಂದ ಮಾಡಿದ್ದಲ್ಲ. ಆ ಹೆಸರುಗಳಿಗೆ ಇನ್ನೊಂದು ಸಲ ಕಪ್ಪು ಪಟ್ಟಿ ಕಟ್ಟಲು ನನ್ನ ಕೈ ಬರಲಿಲ್ಲ.

ಲಕೋಟೆಯ ಮೇಲೆ ಇಂಗ್ಲಿಷಿನಲ್ಲಿ ವಿಳಾಸ ಬರೆಯಬೇಕಿತ್ತು. ಅವರ ಕಚೇರಿಯ ಹೆಸರಿಲ್ಲ, ಬರೀ ಒಂದು ಅಂಚೆ ಪೆಟ್ಟಿಗೆಯ ನಂಬರು, ಊರು, ದೇಶ. ನನ್ನ ಇಂಗ್ಲಿಷ್ ಅಕ್ಷರ ಯಾರಿಗೂ ಓದಲು ಬರುವುದಿಲ್ಲ. ಮಗಳು ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ಕರೆದು ವಿಳಾಸದ ಚೀಟಿ ಕೊಟ್ಟೆ. ಅವಳು ಪೆನ್ನು ತೆಗೆದು, ನಂಬರು ಬರೆದು, ಊರಿನ ಹೆಸರಿಗೆ ಬಂದಾಗ ನಿಂತಳು. ಚೀಟಿಯನ್ನು ಮತ್ತೊಮ್ಮೆ ಓದಿದಳು.

“ಅಪ್ಪಾ, ಈ ಊರಾಗ ಅಂತರರಾಷ್ಟ್ರೀಯ ಕೋರ್ಟ್ ಐತಿ ಅಂತ ನಾ ಒಂಬತ್ತನೇ ಕ್ಲಾಸಿನ ಹುಡುಗುರಿಗೆ ಕಲಸ್ತೀನಿ.”

ನಾನು ಗೋಂದಿನ ಶೀಸೆ ಅವಳ ಕಡೆ ಸರಿಸಿದೆ. ಅವಳು ನನ್ನ ಮುಖ ನೋಡಿದಳು. ಏನೋ ಕೇಳಲು ಬಾಯಿ ತೆರೆದವಳು ತಾನೇ ತಲೆಯಾಡಿಸಿದಳು.

“ಬ್ಯಾಡ. ಹೇಳಬ್ಯಾಡ,” ಎಂದಳು. ಉಳಿದ ಅಕ್ಷರಗಳನ್ನು ಬಿಡಿಬಿಡಿಯಾಗಿ, ದೊಡ್ಡದಾಗಿ ಬರೆದು, ಗೋಂದು ಹಚ್ಚಿ ಅಂಗೈಯಿಂದ ಒತ್ತಿದಳು. “ಕುಂದಗೋಳ ಪೋಸ್ಟಿಗೆ ಬ್ಯಾಡ. ಅಲ್ಲಿ ಎಲ್ಲಾರೂ ನಿನ್ನ ಗುರ್ತ ಹಿಡೀತಾರ. ನಾಳಿ ನನಗ ಸೂಟಿ ಐತಿ, ಹುಬ್ಬಳ್ಳಿಗೆ ಹೋಗೂಣು. ನಾನೂ ಬರ್ತೀನಿ.”